ಮಸೀದಿಯ ಗೋಡೆ, ಖಬರಸ್ತಾನದ ಮಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಊರೊಳಗಿನ ಮಸೀದಿ, ಅದಕ್ಕೆ ಅಂಟಿಕೊಂಡೇ ಇರುವ ಖಬರಸ್ತಾನ, ಅಂದರೆ ಮುಸ್ಲಿಮರ ಸ್ಮಶಾನ. ಇವೆರಡನ್ನೂ ನೋಡಿಕೊಳ್ಳುವ ಕಮಿಟಿಯವರಿಂದ, ಅಕ್ಕಪಕ್ಕದ ನಿವಾಸಿಗಳಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕಟ್ಟಡ, ಮಣ್ಣು, ನೀರಿನ ಕೆಲಸ ಬಲ್ಲವರೂ ಮಸಲೆ, ಅಂದರೆ ಧರ್ಮದ ನಿಯಮ ಬಲ್ಲವರೂ ಕೂತು ಉತ್ತರ ಬರೆದಿದ್ದಾರೆ. ಹನಫಿ ಮತ್ತು ಶಾಫಿ ಎಂಬ ಎರಡು ಧರ್ಮಶಾಸ್ತ್ರ ಪದ್ಧತಿಗಳು ಬೇರೆಯಾಗುವ ಕಡೆ ಎರಡನ್ನೂ ಹೇಳಿದೆ.

ಪ್ರಶ್ನೆ: ನಮ್ಮದು ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಮಸೀದಿ. ಮೂರು ಗೋಡೆ ಒಣಗಿವೆ, ಖಬರಸ್ತಾನದ ಕಡೆಯ ಗೋಡೆ ಮಾತ್ರ ವರ್ಷವಿಡೀ ಹಸಿ. ಎರಡು ಸಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಒಳಗೆ ಮೂರಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದೆವು. ಈಗ ಟೈಲ್ಸ್ ಮೇಲಿನ ಭಾಗ ಬಿಳಿ ಪುಡಿಯಾಗಿ ಉದುರುತ್ತಿದೆ. ಏನು ಮಾಡಬೇಕು? (ದಾವಣಗೆರೆ)

ಉತ್ತರ: ಗೋಡೆಯ ವಿಚಾರ ಆಮೇಲೆ, ಮೊದಲು ಹೊರಗಿನ ನೆಲ ಅಳೆಯಿರಿ. ಮೇಸ್ತ್ರಿಗಳ ಬಳಿ ಇರುವ ನೀರಿನ ಲೆವೆಲ್ ಪೈಪಿನ ಒಂದು ತುದಿಯನ್ನು ಮಸೀದಿಯ ಒಳನೆಲದ ಬಳಿ, ಇನ್ನೊಂದನ್ನು ಗೋಡೆಯಾಚೆ ಹಿಡಿದರೆ ಖಬರಸ್ತಾನದ ಮಣ್ಣು ಎಷ್ಟು ಮೇಲಿದೆಯೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳೆಯ ಖಬರಸ್ತಾನದ ನೆಲ ಸದ್ದಿಲ್ಲದೆ ಏರುತ್ತಾ ಹೋಗುತ್ತದೆ. ಪ್ರತಿ ದಫನಿನಲ್ಲೂ, ಅಂದರೆ ಹೆಣ ಹೂಳುವಾಗಲೆಲ್ಲ, ಚಪ್ಪಡಿ ಕಲ್ಲು ಒಳಗೆ ಹೋಗುತ್ತದೆ, ತೆಗೆದ ಮಣ್ಣು ಪೂರ್ತಿ ಹಿಡಿಸದೆ ಸುತ್ತ ಹರಡುತ್ತದೆ, ಕುಸಿದ ಗೋರಿ ತುಂಬಲು ಹೊರಗಿನಿಂದ ಮಣ್ಣು ಬರುತ್ತದೆ. ಕೊನೆಗೆ ಮಸೀದಿಯ ಪಾಯದ ಕಲ್ಲುಸಾಲು ಮುಚ್ಚಿಹೋಗಿ ಹಸಿಮಣ್ಣು ನೇರ ಗೋಡೆಗೇ ಒರಗಿಕೊಂಡಿರುತ್ತದೆ. ನಿಮ್ಮ ಒಂದೇ ಗೋಡೆ ಹಸಿಯಾಗಿರುವುದು ಇದರ ಗುರುತು.

ಗಾರೆ ಗೋಡೆ ನೀರು ಹೀರುತ್ತದೆ, ಹಾಗೆಯೇ ಗಾಳಿಗೆ ಬಿಡುತ್ತದೆ. ಸಿಮೆಂಟ್ ಮತ್ತು ಟೈಲ್ಸ್ ಈ ಬಿಡುವ ದಾರಿಯನ್ನು ಮುಚ್ಚಿದವು. ನೀರು ಮೂರಡಿ ದಾಟಿ ಮೇಲೇರಿ, ಟೈಲ್ಸ್ ಮುಗಿಯುವಲ್ಲಿ ಆವಿಯಾಗುತ್ತಿದೆ. ಮಣ್ಣಿನಿಂದ ಕರಗಿಸಿಕೊಂಡು ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತಿದೆ. ಟೈಲ್ಸನ್ನು ಐದಡಿಗೆ ಏರಿಸಿದರೆ ಆರನೆಯ ಅಡಿ ಉದುರೀತು, ಅಷ್ಟೇ.

ಕೆಲಸದ ಕ್ರಮ ಹೀಗಿರಲಿ. ಮೊದಲು ಚಾವಣಿಯ ನೀರಿನ ಪೈಪುಗಳು ಖಬರಸ್ತಾನದ ಕಡೆ ಬೀಳುತ್ತಿದ್ದರೆ ಬೇರೆಡೆ ತಿರುಗಿಸಿ. ಎಷ್ಟೋ ಕಡೆ ಅರ್ಧ ಕಾಯಿಲೆ ಇಷ್ಟರಿಂದಲೇ ವಾಸಿ. ಆಮೇಲೆ ರಿಜಿಸ್ಟರ್ ನೋಡಿ, ಹಿರಿಯರನ್ನು ಕೇಳಿ, ಗೋಡೆಗೆ ತಾಗಿ ಗೋರಿಗಳಿಲ್ಲವೆಂದು ಖಚಿತ ಮಾಡಿಕೊಂಡು, ಗೋಡೆಯುದ್ದಕ್ಕೂ ಎರಡಡಿ ಅಗಲದ ಮಣ್ಣನ್ನು ಸಲಿಕೆಯಿಂದಲೇ ತೆಗೆಯಿರಿ. ಒಳನೆಲಕ್ಕಿಂತ ಕನಿಷ್ಠ ಆರು ಅಂಗುಲ ಕೆಳಗೆ ಹೋಗಬೇಕು, ಪಾಯದ ತಳ ಮಾತ್ರ ಕಾಣಬಾರದು. ಅಲ್ಲಿ 4 ಅಂಗುಲದ ತೂತಿನ ಪೈಪನ್ನು ನೂರಡಿಗೆ ಒಂದಡಿ ಇಳಿಜಾರಿನಲ್ಲಿ ಹಾಸಿ, ಮೇಲೆ 40 ಮಿ.ಮೀ. ಜಲ್ಲಿ ತುಂಬಿ. ಪೈಪಿನ ಕೊನೆ ರಸ್ತೆಯ ಮಳೆನೀರಿನ ಚರಂಡಿಗೆ ಸೇರಬೇಕು, ಗೋರಿಗಳ ಕಡೆಗಲ್ಲ.

ನಂತರ ಒಳಗಿನ ಟೈಲ್ಸ್, ಸಿಮೆಂಟ್ ಕಿತ್ತು ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿದಾಗಿ ಬಿಡಿ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಹೊರಗೆ ಸಾಗಿಸಿ. ನೀರಿನಿಂದ ತೊಳೆದರೆ ಅದೇ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಒಂದು ಪಾಲು ಅರಳಿಸಿದ ಸುಣ್ಣ, ಒಂದು ಪಾಲು ಸುರ್ಕಿ ಅಂದರೆ ಇಟ್ಟಿಗೆ ಪುಡಿ, ಎರಡು ಪಾಲು ಮರಳಿನ ಗಾರೆ ಬಳಿಯಿಸಿ ಹತ್ತು ದಿನ ನೀರು ಚಿಮುಕಿಸಿ. ಬಣ್ಣವಾಗಿ ಸುಣ್ಣವೇ ಇರಲಿ, ಪ್ಲಾಸ್ಟಿಕ್ ಪೇಂಟ್ ಬೇಡ. ಆ ಒಂದು ಬೇಸಿಗೆ ಬರಿಗೋಡೆ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಜಮಾತಿಗೆ, ಅಂದರೆ ಮಸೀದಿಗೆ ಸೇರಿದ ಜನರಿಗೆ, ಮೊದಲೇ ತಿಳಿಸಿ, ರಮಜಾನ್ ತಿಂಗಳನ್ನು ತಪ್ಪಿಸಿ ಕೆಲಸ ಹಿಡಿಯಿರಿ.

ಪ್ರಶ್ನೆ: ನಮ್ಮ ಖಬರಸ್ತಾನ ಎರಡೆಕರೆಗೆ ಸ್ವಲ್ಪ ಕಡಿಮೆ. ಜಾಗ ಮುಗಿಯಿತು ಎನ್ನುತ್ತಾರೆ. ಅರ್ಧದಷ್ಟು ಪಕ್ಕಾ ಗೋರಿಗಳೇ ಇವೆ. ಒಂದು ಎಕರೆಗೆ ಎಷ್ಟು ಗೋರಿ ಹಿಡಿಯಬೇಕು? ಹಳೆಯ ಗೋರಿಯ ಜಾಗದಲ್ಲಿ ಮತ್ತೆ ದಫನ್ ಮಾಡಬಹುದೇ? (ಹುಬ್ಬಳ್ಳಿ)

ಉತ್ತರ: ಲೆಕ್ಕ ಮೊದಲು. ದೊಡ್ಡವರ ಗೋರಿಯ ಹೊರ ಅಳತೆ 7 ಅಡಿ ಉದ್ದ, 3 ಅಡಿ ಅಗಲ. ನಡುವೆ ಗೋಡೆಯಂತೆ ಉಳಿಯಬೇಕಾದ ಮಣ್ಣು ಒಂದೂವರೆ ಅಡಿ. ಹಾಗಾಗಿ ಒಂದಕ್ಕೆ ಎಂಟೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಸುಮಾರು 38 ಚದರಡಿ ಬೇಕು. ಒಂದು ಗುಂಟೆ 1089 ಚದರಡಿ. ಅದರಲ್ಲಿ ದಾರಿ, ಮರ, ಚರಂಡಿಗೆಂದು ನೂರಕ್ಕೆ ಮೂವತ್ತು ಪಾಲು ಬಿಟ್ಟರೆ ಗುಂಟೆಗೆ 20 ಗೋರಿ, ಎಕರೆಗೆ 800. ನಿಮ್ಮಲ್ಲಿ ವರ್ಷಕ್ಕೆ 40 ದಫನ್ ಆಗುತ್ತವೆ ಎಂದುಕೊಂಡರೆ ಒಂದು ಎಕರೆ 20 ವರ್ಷಕ್ಕೆ ತುಂಬುತ್ತದೆ. ಇಪ್ಪತ್ತೊಂದನೆಯ ವರ್ಷ ಮೊದಲ ಸಾಲಿಗೆ ಮರಳುವಂತಿದ್ದರೆ ಆ ಎಕರೆ ಎಂದೂ ಮುಗಿಯುವುದಿಲ್ಲ. ಮರಳಲು ಆಗದಿದ್ದರೆ ಹತ್ತೆಕರೆ ಇದ್ದರೂ ಒಂದು ದಿನ ಮುಗಿದೇ ಮುಗಿಯುತ್ತದೆ. ಇಡೀ ಪ್ರಶ್ನೆ ಇಷ್ಟೇ.

ಮರಳಿ ಬಳಸಬಹುದೇ ಎಂಬುದಕ್ಕೆ ಉತ್ತರ: ಬಹುದು. ದೇಹ ಪೂರ್ತಿ ಮಣ್ಣಾದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ದಫನ್ ಮಾಡಲು ಉಲಮಾಗಳು ಅಂದರೆ ಧರ್ಮವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ. ಅಗೆಯುವಾಗ ಮೂಳೆ ಸಿಕ್ಕರೆ ಮುರಿಯದಂತೆ ಕೂಡಿಸಿ, ಅದೇ ಗುಂಡಿಯ ಒಂದು ಬದಿಯಲ್ಲಿ ಮಣ್ಣು ಮುಚ್ಚಿಡಬೇಕು, ಹೊರಗೆ ಹಾಕಕೂಡದು. ಹೆಚ್ಚು ಅವಶೇಷ ಕಂಡರೆ ಅಲ್ಲಿಗೇ ನಿಲ್ಲಿಸಿ ಮುಚ್ಚಿ, ಬೇರೆ ಜಾಗ ನೋಡಬೇಕು. ಎಷ್ಟು ವರ್ಷ ಬೇಕೆಂಬುದನ್ನು ಮಣ್ಣು ತೀರ್ಮಾನಿಸುತ್ತದೆ. ಗಾಳಿಯಾಡುವ, ನೀರು ಇಳಿಯುವ ಕೆಂಪು ಮಣ್ಣಿನಲ್ಲಿ ಬೇಗ. ನೀರು ನಿಲ್ಲುವ ಜಿಗುಟು ಎರೆಮಣ್ಣಿನಲ್ಲಿ ಬಹಳ ತಡ, ಏಕೆಂದರೆ ಗಾಳಿ ಸಿಗದೆ ದೇಹದ ಕೊಬ್ಬು ಮೇಣದಂತಾಗಿ ಹಾಗೇ ಉಳಿಯುತ್ತದೆ. ಆಸ್ಪತ್ರೆಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯ ಸಮೇತ ಮಣ್ಣು ಮಾಡಿದರಂತೂ ಲೆಕ್ಕವೇ ತಪ್ಪುತ್ತದೆ. ಸೋಂಕಿನ ಕಾರಣಕ್ಕೆ ಅಧಿಕಾರಿಗಳು ಬೇಡವೆಂದಿರದಿದ್ದರೆ ಅದನ್ನು ತೆಗೆದು ಹತ್ತಿ ಬಟ್ಟೆಯ ಕಫನಿನಲ್ಲೇ ಇಳಿಸಿ.

ಈಗ ಪಕ್ಕಾ ಗೋರಿ. ಗೋರಿಗೆ ಗಾರೆ ಬಳಿಯುವುದನ್ನೂ ಅದರ ಮೇಲೆ ಕಟ್ಟುವುದನ್ನೂ ಪ್ರವಾದಿಯವರು ತಡೆದರೆಂದು ಅವರ ಸಂಗಾತಿ ಜಾಬಿರ್ ಅವರು ಹೇಳಿದ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ಗುರುತಿಗೆ ಕಲ್ಲಿಡುವುದಕ್ಕೆ ಅಡ್ಡಿಯಿಲ್ಲ: ತಮ್ಮ ಸಂಗಾತಿ ಉಸ್ಮಾನ್ ಬಿನ್ ಮಜ್‌ಊನ್ ಅವರ ಗೋರಿಯ ತಲೆಯ ಬಳಿ ಪ್ರವಾದಿಯವರೇ ಕಲ್ಲೊಂದನ್ನು ಇಟ್ಟಿದ್ದರು. ನಾವು ಗಟ್ಟಿಯಾಗಿ ಹೇಳುವುದೂ ಇದನ್ನೇ. ನೆನಪು ರಿಜಿಸ್ಟರಿನಲ್ಲಿರಲಿ, ಗೋರಿ ಮಣ್ಣಾಗಿಯೇ ಇರಲಿ. ಒಂದು ಪಕ್ಕಾ ಗೋರಿ ಎಂದರೆ ಮುಂದೆ ಬರುವ ಎಷ್ಟೋ ಜನರ ಜಾಗ ಸಿಮೆಂಟಿನಡಿ ಸಿಕ್ಕಿಬಿದ್ದಂತೆ. ಈಗಿರುವವನ್ನು ಒಡೆಯಲು ಹೋಗಬೇಡಿ, ಮನೆಮಂದಿಯ ಮನಸ್ಸು ಮುರಿದು ಕಮಿಟಿಯೇ ಒಡೆಯುತ್ತದೆ. ಇಂಥ ತಾರೀಖಿನಿಂದ ಹೊಸ ಪಕ್ಕಾ ಗೋರಿ ಇಲ್ಲ ಎಂದು ಜಮಾತಿನಲ್ಲಿ ಠರಾವು ಮಾಡಿ, ಎಲ್ಲರಿಗೂ ಒಂದೇ ನಿಯಮವಿರಲಿ. ಕಮಿಟಿ ಅಧ್ಯಕ್ಷರ ಮನೆಗೆ ಒಂದು ವಿನಾಯಿತಿ ಕೊಟ್ಟರೆ ಠರಾವು ಅಂದಿಗೇ ಸತ್ತಂತೆ.

ಜಾಗವನ್ನು ನಾಲ್ಕು ತುಂಡು ಮಾಡಿ, ಪ್ರತಿ ಸಾಲಿನ ತಲೆಗೆ ನಂಬರ್ ಕೊರೆದ ಚಿಕ್ಕ ಕಲ್ಲು ನೆಡಿ. ರಿಜಿಸ್ಟರಿನಲ್ಲಿ ತುಂಡು, ಸಾಲು, ಎಷ್ಟನೆಯ ಗೋರಿ, ಹೆಸರು, ತಂದೆ ಅಥವಾ ಗಂಡನ ಹೆಸರು, ತಾರೀಖು, ಎಷ್ಟು ಆಳ ಎಂಬ ಕಲಮುಗಳು ಇರಲಿ. ಮಕ್ಕಳ ಗೋರಿಗೆ ಬೇರೆ ಸಾಲು ಮಾಡಿದರೆ ನಾಲ್ಕಡಿ ಉದ್ದವೇ ಸಾಕಾಗಿ ಜಾಗ ಉಳಿಯುತ್ತದೆ. ಜೆಸಿಬಿ ಮಾತ್ರ ಒಳಗೆ ಬಿಡಬೇಡಿ. ಅದರ ಭಾರಕ್ಕೆ ಮಣ್ಣಿನಡಿಯ ಚಪ್ಪಡಿಗಳು ಮುರಿದು ಸಾಲುಸಾಲೇ ಕುಸಿಯುತ್ತವೆ.

ಪ್ರಶ್ನೆ: ಮೊಬೈಲ್ ಆ್ಯಪಿನಲ್ಲಿ ನೋಡಿದರೆ ನಮ್ಮ ಮಸೀದಿಯ ಮಿಹ್ರಾಬ್ (ಇಮಾಮರು ನಿಲ್ಲುವ ಗೋಡೆಗೂಡು) ಕಿಬ್ಲಾದಿಂದ, ಅಂದರೆ ಮೆಕ್ಕಾದ ಕಾಬಾದ ದಿಕ್ಕಿನಿಂದ, ಹದಿನೆಂಟು ಡಿಗ್ರಿ ತಪ್ಪಿದೆ. ಇಷ್ಟು ವರ್ಷದ ನಮಾಜಿನ ಗತಿ ಏನು? ಗೋರಿಗಳೂ ಹಾಗೇ ಇವೆ. (ಬೆಂಗಳೂರು)

ಉತ್ತರ: ಗಾಬರಿ ಬೇಡ. ಹಿಂದೆ ಅನೇಕ ಕಡೆ ನೇರ ಪಶ್ಚಿಮಕ್ಕೆ ಮಸೀದಿ ಕಟ್ಟಿದರು. ಲೆಕ್ಕ ಹಾಕಿದರೆ ಬೆಂಗಳೂರಿನಿಂದ ಕಿಬ್ಲಾ ಪಶ್ಚಿಮಕ್ಕಿಂತ ಹದಿನೆಂಟೂವರೆ ಡಿಗ್ರಿ ಉತ್ತರಕ್ಕೆ ವಾಲಿದೆ. ಮಂಗಳೂರಿಗೆ ಇದು ಸುಮಾರು 19, ಹುಬ್ಬಳ್ಳಿಗೆ 16, ಕಲಬುರಗಿಗೆ 13, ಬೀದರಿಗೆ 12. ಅಂದರೆ ನಿಮ್ಮ ಮಸೀದಿ ನೇರ ಪಶ್ಚಿಮಕ್ಕೆ ಮುಖ ಮಾಡಿದೆ ಎಂದಷ್ಟೇ ಅರ್ಥ. ಹನಫಿ ಮಸಲೆಯಲ್ಲಿ ಎಡಕ್ಕೋ ಬಲಕ್ಕೋ 45 ಡಿಗ್ರಿಯೊಳಗೆ ಇದ್ದರೆ ಕಿಬ್ಲಾದ ದಿಕ್ಕು ಸಿಕ್ಕಿತೆಂದೇ ಲೆಕ್ಕ, ಹಿಂದಿನ ನಮಾಜ್ ಸಿಂಧು. ಶಾಫಿ ಪದ್ಧತಿಯಲ್ಲಿ ನಿಖರತೆಗೆ ಹೆಚ್ಚು ಒತ್ತು ಇರುವುದರಿಂದ ಅಲ್ಲಿಯವರು ಖತೀಬರನ್ನು, ಅಂದರೆ ಶುಕ್ರವಾರದ ಪ್ರವಚನ ಕೊಡುವವರನ್ನು, ಕೇಳಿ ಮುಂದುವರಿಯಬೇಕು.

ಆ್ಯಪನ್ನು ಒಂದೇ ನಂಬಬೇಡಿ. ಕಬ್ಬಿಣದ ಗ್ರಿಲ್, ಕಾಂಕ್ರೀಟಿನೊಳಗಿನ ಸರಳು, ಸ್ಪೀಕರಿನ ಅಯಸ್ಕಾಂತ ಎಲ್ಲವೂ ಮೊಬೈಲಿನ ದಿಕ್ಸೂಚಿಯನ್ನು ಅಲುಗಾಡಿಸುತ್ತವೆ. ಖಚಿತವಾದ ದಾರಿ ಸೂರ್ಯನದು. ವರ್ಷಕ್ಕೆ ಎರಡು ಸಲ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ: ಮೇ 28ರ ಸುಮಾರಿಗೆ ನಮ್ಮ ಗಡಿಯಾರದ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೆ. ಜುಲೈಯಲ್ಲಿ ಮೋಡದ ಕಾಟ, ಮೇ ತಿಂಗಳೇ ವಾಸಿ. ಮಸೀದಿಯ ಅಂಗಳದಲ್ಲಿ ಐದಡಿಯ ಕೋಲನ್ನು ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ. ಆ ನಿಮಿಷಕ್ಕೆ ಬೆಂಗಳೂರಿನಲ್ಲಿ ಸುಮಾರು ಮೂರೂ ಮುಕ್ಕಾಲು ಅಡಿ ನೆರಳು ಬೀಳುತ್ತದೆ. ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಸುಣ್ಣದ ಗೆರೆ ಎಳೆದರೆ ಅದೇ ಕಿಬ್ಲಾ. ಒಂದೆರಡು ದಿನ ಹಿಂದೆ ಮುಂದೆ ಮಾಡಿದರೂ ವ್ಯತ್ಯಾಸ ಬಹಳ ಸಣ್ಣದು. ಗಡಿಯಾರ ಮಾತ್ರ ಸರಿಯಿರಲಿ.

ಮಿಹ್ರಾಬ್ ಒಡೆಯುವ ಅಗತ್ಯವಿಲ್ಲ, ನಮಾಜಿಗೆ ನಿಲ್ಲುವ ಸಾಲು ಅಂದರೆ ಸಫ್‌ಗಳ ಗೆರೆ ಓರೆ ಮಾಡಿದರಾಯಿತು. 30 ಅಡಿ ಅಗಲದ ಹಾಲಿನಲ್ಲಿ ಹದಿನೆಂಟೂವರೆ ಡಿಗ್ರಿ ತಿರುಗಿಸಿದರೆ ಸಾಲಿನ ದಕ್ಷಿಣದ ತುದಿ ಉತ್ತರದ ತುದಿಗಿಂತ 10 ಅಡಿ ಮುಂದಿರುತ್ತದೆ. ಸಾಲಿನಿಂದ ಸಾಲಿಗೆ ನಾಲ್ಕಡಿ ಎಂದು ಹಿಡಿದರೆ ಎರಡು ಮೂಲೆಗಳಲ್ಲಿ ಒಟ್ಟು ಎರಡು ಮೂರು ಸಾಲಿನಷ್ಟು ಜಾಗ ಹೋಗುತ್ತದೆ. ಆ ಮುಕ್ಕೋಣಗಳಲ್ಲಿ ಕುರ್‌ಆನ್ ರೇಕುಗಳು, ಹಿರಿಯರ ಕುರ್ಚಿಗಳನ್ನು ಇಡಬಹುದು. ಇನ್ನು ಗೋರಿಗಳು: ನಮ್ಮ ಕಡೆ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಬಲಮಗ್ಗುಲಾಗಿ ಮುಖ ಪಶ್ಚಿಮಕ್ಕೆ. ಇರುವ ಗೋರಿಗಳನ್ನು ಮುಟ್ಟುವ ಮಾತೇ ಇಲ್ಲ. ಹಳೆಯ ಸಾಲುಗಳ ನಡುವೆ ಹೊಸದನ್ನು ಓರೆಯಾಗಿ ಅಗೆದರೆ ಪಕ್ಕದ ಗೋರಿಯ ಮೂಲೆ ಒಡೆಯುತ್ತದೆ. ಹೊಸ ದಿಕ್ಕು ಹೊಸ ತುಂಡಿನಿಂದ ಶುರುವಾಗಲಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಅಗೆದ ಗುಂಡಿಗೆ ನೀರು ಬರುತ್ತದೆ, ಬದಿ ಕುಸಿಯುತ್ತದೆ. ಗೋರಿ ಎಷ್ಟು ಆಳ ಇರಬೇಕು, ಹೇಗೆ ಅಗೆಯಬೇಕು? (ಉಡುಪಿ ಜಿಲ್ಲೆಯ ಕರಾವಳಿಯಿಂದ)

ಉತ್ತರ: ಎರಡು ಬಗೆಯ ಗೋರಿಗಳಿವೆ. ಗಟ್ಟಿ ಮಣ್ಣಿದ್ದರೆ ಗುಂಡಿಯ ತಳದಲ್ಲಿ ಕಿಬ್ಲಾದ ಕಡೆಯ ಗೋಡೆಗೆ ಗೂಡಿನಂತೆ ಕೊರೆಯುವುದು ಲಹದ್, ಉರ್ದುವಿನಲ್ಲಿ ಬಗ್ಲಿ. ಸಡಿಲ ಮಣ್ಣಿಗೆ ತಳದ ನಡುವೆ ಕಾಲುವೆಯಂತೆ ಅಗೆಯುವುದು ಶಖ್, ಅಂದರೆ ಸಂದೂಕಿ. ಲಹದ್ ಉತ್ತಮವೆಂದು ಹೇಳಿದ್ದರೂ ಮರಳುಮಣ್ಣಿನಲ್ಲಿ ಅದಕ್ಕೆ ಕೈಹಾಕಬಾರದು, ಗೂಡಿನ ಚಾವಣಿ ಕುಸಿದೇ ಕುಸಿಯುತ್ತದೆ. ಮುರಕಲ್ಲಿನ ನೆಲವಿದ್ದ ಕಡೆ ಲಹದ್ ಚೆನ್ನಾಗಿ ನಿಲ್ಲುತ್ತದೆ.

ಸಂದೂಕಿಯ ಅಳತೆ: ಮೇಲಿನ ಗುಂಡಿ 7 ಅಡಿಗೆ 3 ಅಡಿ, ಆಳ ಮೂರಡಿಗೆ ಕಡಿಮೆಯಿಲ್ಲದಂತೆ. ಅದರ ತಳದ ನಡುವೆ ಆರೂವರೆ ಅಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಎರಡಡಿ ಆಳದ ಒಳಗುಂಡಿ. ಎರಡೂ ಬದಿಯಲ್ಲಿ ಏಳೆಂಟು ಅಂಗುಲದ ಮೆಟ್ಟಿಲು ಉಳಿಯುತ್ತದೆ, ಚಪ್ಪಡಿಗಳು ಕೂರುವುದು ಅದರ ಮೇಲೆ. ಎರಡೂವರೆ ಅಡಿ ಉದ್ದ, ಒಂದಡಿ ಅಗಲದ ಏಳು ಚಪ್ಪಡಿ ಬೇಕು. ಮಣ್ಣು ಹಾಕುವ ಮೊದಲು ಸಂದುಗಳಿಗೆ ಹಸಿಮಣ್ಣಿನ ಹೆಂಟೆ ಮೆತ್ತಬೇಕು. ಈ ಒಂದು ಕೆಲಸ ಬಿಟ್ಟರೆ ಮೊದಲ ಮಳೆಗೇ ಮಣ್ಣು ಒಳಗೆ ಸೋರಿ ಗೋರಿ ತಗ್ಗಾಗುತ್ತದೆ. ಒಟ್ಟು ಆಳ ಹೀಗೆ ಐದಡಿ. ಹನಫಿ ಗ್ರಂಥಗಳು ಕನಿಷ್ಠ ಅರ್ಧ ಆಳು, ಎದೆಮಟ್ಟ ಒಳ್ಳೆಯದು ಎನ್ನುತ್ತವೆ. ಶಾಫಿಯಲ್ಲಿ ನಿಂತ ಮನುಷ್ಯ ಕೈ ಮೇಲೆತ್ತಿದಷ್ಟು ಉತ್ತಮ. ವಾಸನೆ ಹೊರಬರಬಾರದು, ಪ್ರಾಣಿಗಳು ಕೆದಕಬಾರದು ಎಂಬುದೇ ಎರಡರಲ್ಲೂ ಉದ್ದೇಶ.

ತೆಗೆದ ಮಣ್ಣನ್ನು ಅಂಚಿನಿಂದ ಎರಡಡಿಯಾದರೂ ದೂರ ಹಾಕಿ. ಕುಸಿತಕ್ಕೆ ಬಹುಪಾಲು ಕಾರಣ ಅಂಚಿನಲ್ಲೇ ಪೇರಿಸಿದ ಮಣ್ಣಿನ ಭಾರ ಮತ್ತು ನೋಡಲು ಮುತ್ತಿಕೊಂಡ ಜನ. ಗುಂಡಿಯ ಉದ್ದಕ್ಕೂ ಎರಡು ಬದಿಗೆ ಹಲಗೆ ನಿಲ್ಲಿಸಿ ನಡುವೆ ಅಡ್ಡ ತುಂಡು ಬಡಿದರೆ ಅಗೆಯುವವರ ಜೀವಕ್ಕೆ ಭದ್ರ. ಹಲಗೆಗಳನ್ನು ಕೊನೆಯಲ್ಲಿ ಎಳೆದುಕೊಳ್ಳಬಹುದು.

ನೀರು ಜಿನುಗಿದರೆ ಕಾಲಿನ ಕಡೆ ಒಂದಡಿ ಚಚ್ಚೌಕದ ಗುಣಿ ಮಾಡಿ ಅಲ್ಲಿಂದ ಬಕೆಟಿನಲ್ಲಿ ಎತ್ತಿರಿ. ನೀರು ನಿಲ್ಲದೆ ಬರುತ್ತಿದ್ದರೆ ಅಂತರ್ಜಲಕ್ಕೇ ತಾಗಿದ್ದೀರಿ ಎಂದರ್ಥ, ಎಷ್ಟು ಎತ್ತಿದರೂ ಮುಗಿಯದು. ಆ ಗುಂಡಿಗೆ ಮಣ್ಣು ತುಂಬಿ ತಳವನ್ನು ನೀರಿನಿಂದ ಮೇಲೆ ತನ್ನಿ, ಆಳ ಕಡಿಮೆಯಾದಷ್ಟನ್ನು ಮೇಲೆ ದಿಬ್ಬ ಏರಿಸಿ ಸರಿದೂಗಿಸಿ. ಇಂಥ ನೆಲದಲ್ಲಿ ಮರದ ಪೆಟ್ಟಿಗೆ ಬಳಸಲು ಅನುಮತಿಯಿದೆ, ಒಳಗೆ ಒಂದು ಹಾಸು ಮಣ್ಣು ಹರಡಿ. ಪ್ರತಿ ಜೂನಿಗೆ ಮೊದಲು ಎತ್ತರದ ಕಡೆ ನಾಲ್ಕೈದು ಗೋರಿಯ ಜಾಗ ಗುರುತಿಸಿಟ್ಟು, ಚಪ್ಪಡಿ, ತಾಡಪಾಲು, ಹಲಗೆಗಳನ್ನು ಕೂಡಿಟ್ಟಿರಬೇಕು. ಹೆಣ ಮನೆಯಲ್ಲಿರುವಾಗ ಚಪ್ಪಡಿ ಹುಡುಕುತ್ತಾ ಓಡಾಡುವುದು ಮನೆಯವರಿಗೆ ಎರಡನೆಯ ಪೆಟ್ಟು.

ಮೇಲಿನ ದಿಬ್ಬ ಒಂದು ಗೇಣು ಸಾಕು. ಹನಫಿಗಳು ಒಂಟೆಯ ಡುಬ್ಬದಂತೆ ದುಂಡಗೆ, ಶಾಫಿಗಳು ಸಪಾಟಾಗಿ ಮಾಡುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ತಗ್ಗು ಬೀಳುವುದು ಸಹಜ, ಮಣ್ಣೇ ತುಂಬಿ. ಒಂದು ಎಚ್ಚರ: ಖಬರಸ್ತಾನದೊಳಗಿನ ಬಾವಿ, ಬೋರ್‌ವೆಲ್ ನೀರು ಗಿಡಮರಗಳಿಗೆ ಮಾತ್ರ ಇರಲಿ, ಕುಡಿಯಲು ಬೇಡ.

ಪ್ರಶ್ನೆ: ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ನಾನು ಮಸೀದಿಯ ಗೇಟಿನವರೆಗೆ ಹೋಗಿ ನಿಂತೆ, ಒಳಗೆ ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ. ಮುಸ್ಲಿಮರಲ್ಲದವರು ಮಣ್ಣಿಗೆ ಹೋಗಬಹುದೇ? (ಮೈಸೂರು)

ಉತ್ತರ: ಖಂಡಿತ ಹೋಗಿ. ಜನಾಜಾಕ್ಕೆ, ಅಂದರೆ ಹೆಣ ಹೊತ್ತ ಚಟ್ಟಕ್ಕೆ, ಹೆಗಲು ಕೊಡಬಹುದು, ನಾಲ್ಕು ಹೆಜ್ಜೆ ನಡೆದು ಮುಂದಿನವರಿಗೆ ಬಿಟ್ಟುಕೊಡುವುದು ರೂಢಿ. ಜನಾಜಾ ನಮಾಜಿನಲ್ಲಿ ರುಕೂ (ಬಾಗುವುದು), ಸಜ್ದಾ (ಹಣೆ ನೆಲಕ್ಕೆ ತಾಗಿಸುವುದು) ಇಲ್ಲ. ನಾಲ್ಕು ತಕ್ಬೀರ್, ಅಂದರೆ ‘ಅಲ್ಲಾಹು ಅಕ್ಬರ್’, ಹೇಳಿ ನಿಂತೇ ಮುಗಿಸುತ್ತಾರೆ, ಐದಾರು ನಿಮಿಷದ ಕೆಲಸ. ಅಷ್ಟು ಹೊತ್ತು ಸಾಲುಗಳ ಹಿಂದೆ ಸುಮ್ಮನೆ ನಿಂತಿರಿ. ಹನಫಿಗಳು ಸಾಮಾನ್ಯವಾಗಿ ಇದನ್ನು ಮಸೀದಿಯ ಹೊರಗಿನ ಅಂಗಳದಲ್ಲಿ ಮಾಡುತ್ತಾರೆ, ಕರಾವಳಿಯ ಶಾಫಿಗಳಲ್ಲಿ ಒಳಗೂ ನಡೆಯುತ್ತದೆ. ಒಳಗೆ ಕಾಲಿಡುವಾಗ ಚಪ್ಪಲಿ ಬಿಡಬೇಕು. ಖಬರಸ್ತಾನದಲ್ಲಿ ದಾರಿಯ ಮೇಲೆ ನಡೆಯಿರಿ, ಗೋರಿ ತುಳಿಯುವುದು ದಾಟುವುದು ಬೇಡ. ಮಣ್ಣು ಕೊಡುವಾಗ ತಲೆಯ ಕಡೆಯಿಂದ ಮೂರು ಬೊಗಸೆ ಹಾಕುತ್ತಾರೆ. ಮುಸ್ಲಿಮರು ‘ಇದರಿಂದಲೇ ನಿಮ್ಮನ್ನು ಸೃಷ್ಟಿಸಿದೆವು, ಇದಕ್ಕೇ ಮರಳಿಸುತ್ತೇವೆ, ಇದರಿಂದಲೇ ಮತ್ತೊಮ್ಮೆ ಎಬ್ಬಿಸುತ್ತೇವೆ’ ಎಂಬ ಅರ್ಥದ ಕುರ್‌ಆನಿನ ಮಾತು ಹೇಳುತ್ತಾರೆ. ನೀವು ಮೌನವಾಗಿ ಹಾಕಿದರೂ ಅದು ನೆರೆಯವರ ಮಣ್ಣೇ.

ಸುದ್ದಿ ಬಂದ ಕೂಡಲೇ ಯಾವ ನಮಾಜಿನ ನಂತರ ದಫನ್ ಎಂದು ಕೇಳಿ. ತಡಮಾಡದೆ ಮಣ್ಣು ಮಾಡುವುದು ಪದ್ಧತಿ, ಸಂಜೆ ಹೋದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಮುಗಿದಿರುತ್ತದೆ. ಆ ಮನೆಗೆ ಊಟ ಕಳಿಸುವುದು ಬಹಳ ಒಳ್ಳೆಯದು. ಪ್ರವಾದಿಯವರ ಬಂಧು ಜಾಫರ್ ಅವರು ತೀರಿಕೊಂಡಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸಿರೆಂದು ಪ್ರವಾದಿಯವರು ಹೇಳಿದ್ದರು.

ಪ್ರಶ್ನೆ: ಶುಕ್ರವಾರ ಜಾಗ ಸಾಲದು. ಮಸೀದಿಯನ್ನು ಪಶ್ಚಿಮಕ್ಕೆ, ಹಳೆಯ ಗೋರಿಗಳ ಮೇಲೆ ವಿಸ್ತರಿಸಬಹುದೇ? (ಚಿತ್ರದುರ್ಗ)

ಉತ್ತರ: ಬೇಡ. ಖಬರಸ್ತಾನಕ್ಕೆಂದು ವಕ್ಫ್ ಆದ, ಅಂದರೆ ಧರ್ಮಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟ ಜಾಗ ಖಬರಸ್ತಾನಕ್ಕೇ. ಗೋರಿಯ ಕಡೆಗೆ ಮುಖ ಮಾಡಿ ನಮಾಜ್ ಮಾಡಬೇಡಿ ಎಂಬ ಹದೀಸ್ ಕೂಡ ಇದೆ. ಹಿಂದಿನವರು ಇದನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂದು ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ನೋಡಬೇಕು. ಒಂದೇ ಜಗತಿಯ ಮೇಲೆ ಪಶ್ಚಿಮಕ್ಕೆ ಮಸೀದಿ, ಪೂರ್ವಕ್ಕೆ ಸಮಾಧಿ, ನಡುವೆ ನೀರಿನ ಕೊಳ. ನಮಾಜಿಗೆ ನಿಂತವರ ಬೆನ್ನಿಗೆ ಸಮಾಧಿ ಇರುತ್ತದೆಯೇ ಹೊರತು ಮುಂದೆ ಬರುವುದಿಲ್ಲ. ಗೋಳಗುಮ್ಮಟದ ಮಸೀದಿಯೂ ಪಶ್ಚಿಮಕ್ಕೇ ಇದೆ. ನಿಮ್ಮಲ್ಲಿ ಗೋರಿಗಳು ಮೊದಲೇ ಪಶ್ಚಿಮಕ್ಕಿರುವುದರಿಂದ ಕಿಬ್ಲಾ ಗೋಡೆಯನ್ನು ತೆರೆಯಬೇಡಿ, ಆಳೆತ್ತರದ ಕೆಳಗೆ ಕಿಟಕಿ ಇಡಬೇಡಿ. ಪೂರ್ವದ ಅಂಗಳಕ್ಕೆ ಚಾವಣಿ ಅಥವಾ ಮೇಲೊಂದು ಮಹಡಿ ಯೋಚಿಸಿ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಿದ್ದರೆ ಅದರಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಆಚೆಯ 200 ಮೀಟರಿಗೆ ಅನುಮತಿ ಬೇಕು.

ಪ್ರಶ್ನೆ: ಹೌಜಿನ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ಕೊಳದ ನೀರು ಹಸಿರಾಗುತ್ತದೆ, ಸೊಳ್ಳೆ ಬೇರೆ. ಮುಚ್ಚಿ ನಲ್ಲಿಗಳನ್ನೇ ಹಾಕಿದರೆ ಹೇಗೆ? ಹೀಗೆ ತೊಳೆದ ವುಜೂ ನೀರನ್ನು ಖಬರಸ್ತಾನದ ಗಿಡಗಳಿಗೆ ಬಿಡಬಹುದೇ? (ರಾಯಚೂರು)

ಉತ್ತರ: ಹನಫಿ ಲೆಕ್ಕದ ಹೌಜ್ ಹತ್ತು ಮೊಳಕ್ಕೆ ಹತ್ತು ಮೊಳ, ಅಂದರೆ 15 ಅಡಿ ಚಚ್ಚೌಕ. ಎರಡೂವರೆ ಅಡಿ ನೀರು ನಿಂತರೆ ಸುಮಾರು 16,000 ಲೀಟರ್. ಇದನ್ನು ಮುಚ್ಚುವ ಮೊದಲು ಯೋಚಿಸಿ. ಪೂರ್ತಿ ತಿರುವಿದ ನಲ್ಲಿ ನಿಮಿಷಕ್ಕೆ ಆರೆಂಟು ಲೀಟರ್ ಸುರಿಸುತ್ತದೆ, ಪ್ರವಾದಿಯವರು ವುಜೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ, ಸುಮಾರು ಮುಕ್ಕಾಲು ಲೀಟರಿಗೂ ಕಡಿಮೆ. ನಲ್ಲಿ ಬೇಕೇ ಬೇಕೆಂದರೆ ಮೂತಿಗೆ ಜಾಲರಿ ಹಾಕಿ ಧಾರೆ ತಗ್ಗಿಸಿ.

ಹಸಿರಿಗೆ ಬಿಸಿಲು ಕಾರಣ, ಹೌಜಿನ ಮೇಲೆ ಅರ್ಧ ನೆರಳು ಮಾಡಿ. ಸೊಳ್ಳೆಗೆ ಗಪ್ಪಿ ಮೀನು ಬಿಡಿ. ಬ್ಲೀಚಿಂಗ್ ಪೌಡರ್ ಹಾಕಿದ ದಿನ ಮೀನೂ ಸಾಯುತ್ತದೆ, ಆಮೇಲೆ ಸೊಳ್ಳೆ ಎರಡು ಪಟ್ಟು. ಎರಡರಲ್ಲಿ ಒಂದನ್ನು ಮಾತ್ರ ನಂಬಿ.

ವುಜೂ ನೀರು ಗಿಡಕ್ಕೆ ಒಳ್ಳೆಯದು, ಸೋಪು ಇರುವುದಿಲ್ಲ. ಎರಡಡಿ ಚಚ್ಚೌಕದ ತೊಟ್ಟಿಯಲ್ಲಿ ಕಸ ತಂಗಿಸಿ, ಜಾಲರಿ ದಾಟಿಸಿ ಕಾಂಪೌಂಡಿನ ಅಂಚಿನ ಬೇವು, ಮೆಹಂದಿ ಗಿಡಗಳಿಗೆ ಬಿಡಿ. ಗೋರಿಗಳ ಸಾಲಿಗೆ ಬಿಟ್ಟರೆ ನೆಲ ಸದಾ ಹಸಿಯಾಗಿ ಚಪ್ಪಡಿ ಜಾರುತ್ತದೆ. ಶೌಚಾಲಯದ ನೀರು, ಮಯ್ಯತ್ತಿಗೆ ಗುಸ್ಲ್ ಕೊಡುವ, ಅಂದರೆ ಹೆಣಕ್ಕೆ ಸ್ನಾನ ಮಾಡಿಸುವ ಕೋಣೆಯ ನೀರು ಈ ಪೈಪಿಗೆ ಸೇರಲೇಬಾರದು, ಅವು ಒಳಚರಂಡಿಗೇ ಹೋಗಬೇಕು. ಗೋಡೆಯ ಸಂದಿನಲ್ಲಿ ಅರಳಿ, ಆಲದ ಸಸಿ ಕಂಡರೆ ಬೆರಳಿನಷ್ಟು ದಪ್ಪವಾಗುವ ಮೊದಲೇ ಬೇರುಸಮೇತ ತೆಗೆಯಿರಿ.

ಪ್ರಶ್ನೆ: ಖಬರಸ್ತಾನದ ಮೂಲೆಯಲ್ಲಿ ಫಾರ್ಸಿ ಬರಹದ ಕೆಲವು ಹಳೆಯ ಗೋರಿಕಲ್ಲುಗಳಿವೆ. ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿವೆ. ಆಸಿಡ್ ಹಾಕಿ ತೊಳೆದರೆ ಹೇಗೆ? ಕೆಲವು ಗೋರಿಗಳ ಮೇಲೆ ಉದ್ದನೆಯ ಪೆಟ್ಟಿಗೆಯಂಥ ಉಬ್ಬು ಏಕಿದೆ? (ಶ್ರೀರಂಗಪಟ್ಟಣದ ಬಳಿಯಿಂದ)

ಉತ್ತರ: ಆಸಿಡ್ ಮುಟ್ಟಬೇಡಿ. ಸುಣ್ಣಕ್ಕಿಂತ ಮೊದಲು ಕಲ್ಲಿನ ಮೈ ಹೋಗುತ್ತದೆ. ತಂತಿಬ್ರಷ್, ಉಪ್ಪುಕಾಗದ, ಸೋಪಿನ ಪುಡಿಯೂ ಬೇಡ. ಅಕ್ಷರ ಎದ್ದು ಕಾಣಲೆಂದು ಹಿಟ್ಟು ಉಜ್ಜುವವರಿದ್ದಾರೆ, ಅದು ಪಾಚಿಗೆ ಊಟವಿಟ್ಟಂತೆ.

ಮೊದಲು ಹಾಗೆಯೇ ಫೋಟೋ ತೆಗೆಯಿರಿ. ಬೆಳಗಿನ ಏಳರ ಹೊತ್ತಿಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಸುಣ್ಣದಡಿಯ ಅಕ್ಷರದ ಅಂಚೂ ನೆರಳು ಕೊಡುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಂತೆ ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನ. ನಂತರ ಒದ್ದೆ ಹತ್ತಿಬಟ್ಟೆಯನ್ನು ಒಂದು ಗಂಟೆ ಹೊದಿಸಿ, ಮೆತ್ತಗಾದ ಸುಣ್ಣವನ್ನು ಬಿದಿರಿನ ಚಪ್ಪಟೆ ಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಎಬ್ಬಿಸಿ. ದಿನಕ್ಕೆ ಒಂದು ಅಂಗೈಯಷ್ಟು ಜಾಗ ಸಾಕು. ಕಡ್ಡಿಗೆ ಕಲ್ಲಿನ ಪುಡಿ ಅಂಟಿದರೆ ಅಲ್ಲಿಗೇ ನಿಲ್ಲಿಸಿ. ಎಣ್ಣೆ ಪೇಂಟ್ ಬಳಿದಿದ್ದರೆ ಅದು ಬಲ್ಲವರ ಕೆಲಸ. ಅರಬಿ, ಫಾರ್ಸಿ ಶಾಸನಗಳಿಗೆಂದೇ ಪುರಾತತ್ವ ಇಲಾಖೆಯ ಶಾಸನ ವಿಭಾಗ ನಾಗಪುರದಲ್ಲಿದೆ, ಫೋಟೋಗಳನ್ನು ಅಲ್ಲಿಗೆ ಕಳಿಸಿ.

ಇಸವಿ ಓದುವಾಗ: ಮುಸ್ಲಿಮ್ ಶಕವಾದ ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹತ್ತಿರಕ್ಕೆ ಬರುತ್ತದೆ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ 769 ಹಿಜರಿ ಹೀಗೆ 1367 ಆಗುತ್ತದೆ. ನಿಮ್ಮ ಊರಿನಲ್ಲಿ ಒಂದು ಮೋಸವಿದೆ. ಟಿಪ್ಪು ಸುಲ್ತಾನ್ ಮೌಲೂದಿ ಎಂಬ ಬೇರೆ ಪಂಚಾಂಗ ತಂದಿದ್ದ, ಅದರಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಮೌಲೂದಿ 1215 ಎಂದರೆ 1787ರ ಸುಮಾರು. ಹಿಜರಿಯೆಂದು ಓದಿದರೆ 1800 ಬರುತ್ತದೆ, ಟಿಪ್ಪು ತೀರಿಕೊಂಡ ಮೇಲಿನ ವರ್ಷ.

ಆ ಉದ್ದನೆಯ ಉಬ್ಬು ಕಲಮ್‌ದಾನ್, ಲೇಖನಿಯ ಪೆಟ್ಟಿಗೆ: ಗಂಡಸರ ಗೋರಿಯ ಗುರುತು. ಬರೆಯುವ ಹಲಗೆಯಂತೆ ಚಪ್ಪಟೆಯಾಗಿದ್ದರೆ ತಖ್ತಿ, ಹೆಂಗಸರದು. ಮುಂದಿನ ಸಲ ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯುವಾಗ ಈ ಉಬ್ಬನ್ನೂ ಸೇರಿಸಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ.

ಪ್ರಶ್ನೆ: ಮರಣ ಪ್ರಮಾಣಪತ್ರಕ್ಕೂ ಖಬರಸ್ತಾನದವರಿಗೂ ಸಂಬಂಧವಿದೆಯೇ? (ತುಮಕೂರು)

ಉತ್ತರ: ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸ್ಮಶಾನ, ಖಬರಸ್ತಾನ ನೋಡಿಕೊಳ್ಳುವವರೂ ಮರಣದ ಮಾಹಿತಿ ಕೊಡಬೇಕಾದವರ ಪಟ್ಟಿಯಲ್ಲಿದ್ದಾರೆ. ಗಡುವು 21 ದಿನ. 30 ದಿನದವರೆಗೆ ತಡದ ಶುಲ್ಕ ಕಟ್ಟಿ ಮಾಡಿಸಬಹುದು, ಅದು ದಾಟಿದರೆ ಅಧಿಕಾರಿಗಳ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ದಫನಿನ ದಿನವೇ ಆಧಾರ್‌ನಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ರಿಜಿಸ್ಟರಿಗೆ ಇಳಿಸಿ, ಮೊಹರು ಹಾಕಿದ ರಸೀದಿ ಕೊಡಿ. ರಸೀದಿಯಲ್ಲಿ ‘ಚಾಂದ್ ಸಾಬ್’, ಆಧಾರ್‌ನಲ್ಲಿ ‘ಚಾಂದಸಾಬ’ ಎಂದಿದ್ದರೆ ಪಿಂಚಣಿ, ಬ್ಯಾಂಕು, ಪಹಣಿಯ ಕೆಲಸಕ್ಕೆ ಆ ಮನೆಯವರು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮನೆಯಲ್ಲಿ ತೀರಿಕೊಂಡವರಿಗೆ ವೈದ್ಯರ ಚೀಟಿ ಇದೆಯೇ ಎಂದು ಮಣ್ಣಿಗೆ ಮೊದಲೇ ಕೇಳಿ. ಅಪಘಾತ ಅಥವಾ ಸಂಶಯದ ಸಾವಾದರೆ ಪೊಲೀಸರ ಕಾಗದ ಕೈಗೆ ಬರುವವರೆಗೆ ಗುದ್ದಲಿ ಹಾಕಬೇಡಿ.